ಸಾಲುಧೂಪದ ಮರ: ಪದೇ ಪದೇ ಕೇಳುವ ಪ್ರಶ್ನೆಗಳು

ಪಶ್ಚಿಮ ಘಟ್ಟದ ಮಳೆಕಾಡಿನ ಮರಗಳ ಪೈಕಿ ಸಾಲುಧೂಪದ ಬಗ್ಗೆ ಬರುವಷ್ಟು ಪ್ರಶ್ನೆ ಬೇರೆ ಮರದ ಬಗ್ಗೆ ಬರುವುದು ಕಡಿಮೆ. ಹೆಸರಿನ ಗೊಂದಲ ಒಂದು ಕಡೆ, ಬೀಜ ಹುಟ್ಟಲಿಲ್ಲ ಎಂಬ ದೂರು ಇನ್ನೊಂದು ಕಡೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು, ಪರಿಚಯದಿಂದ ಆರಂಭಿಸಿ ಆಳಕ್ಕೆ ಹೋಗುವಂತೆ ಜೋಡಿಸಿದೆ. ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಸಾಕು.

## ಮೊದಲ ಪರಿಚಯ

ಸಾಲುಧೂಪ, ಬಿಳಿಧೂಪ, ಬರೀ ಧೂಪ... ಇವೆಲ್ಲ ಒಂದೇ ಮರವೇ?

ಹೌದು, ಮೂರೂ ವಟೇರಿಯಾ ಇಂಡಿಕಾ ಎಂಬ ಒಂದೇ ಮರ. ಡಿಪ್ಟೆರೋಕಾರ್ಪೇಸಿ ಕುಟುಂಬದ್ದು. ರಸ್ತೆಯ ಇಕ್ಕೆಲಗಳಲ್ಲಿ ಸಾಲುಮರವಾಗಿ ನೆಡುತ್ತಿದ್ದುದರಿಂದ ಸಾಲುಧೂಪ ಎಂಬ ಹೆಸರು ಬಂತು ಎಂಬುದು ಸಾಮಾನ್ಯ ವಿವರಣೆ. ಅಂಟಿನ ತಿಳಿಬಣ್ಣದಿಂದ ಬಿಳಿಧೂಪ ಎನ್ನುತ್ತಾರೆ. ಮಲಯಾಳದಲ್ಲಿ ಇದು ವೆಳ್ಳಪೈನ್, ತಮಿಳಿನಲ್ಲಿ ವೆಳ್ಳೈ ಕುಂಗಿಲಿಯಂ. ಅಲ್ಲೂ ಹೆಸರಿನಲ್ಲಿ ಇರುವುದು ಬಿಳುಪೇ.

ಕರಿಧೂಪ, ಹಾಲುಮಡ್ಡಿ ಕೂಡ ಧೂಪವೇ ಅಲ್ವಾ? ಏನು ವ್ಯತ್ಯಾಸ?

ಧೂಪ ಎಂಬುದು ಮರದ ಹೆಸರಿಗಿಂತ ಹೆಚ್ಚಾಗಿ ಬಳಕೆಯ ಹೆಸರು. ಕೆಂಡದ ಮೇಲೆ ಹಾಕಿದರೆ ಪರಿಮಳದ ಹೊಗೆ ಕೊಡುವ ಯಾವ ಅಂಟಿಗೂ ಧೂಪ ಎನ್ನುತ್ತೇವೆ, ಅಂಟು ಕೊಟ್ಟ ಮರಕ್ಕೂ ಅದೇ ಹೆಸರು ಅಂಟಿಕೊಳ್ಳುತ್ತದೆ. ಹಾಗಾಗಿ ಬೇರೆ ಬೇರೆ ಕುಟುಂಬಗಳ ಮೂರು ಮರಗಳು ಒಂದೇ ಹೆಸರಿನಡಿ ಬಂದಿವೆ.

ಕರಿಧೂಪ ಅಥವಾ ರಾಳಧೂಪ ಎಂದರೆ ಕೆನೇರಿಯಮ್ ಸ್ಟ್ರಿಕ್ಟಮ್. ಅದರ ಎಲೆ ಸಂಯುಕ್ತ, ಅಂದರೆ ಒಂದೇ ದಂಟಿನ ಎರಡೂ ಕಡೆ ಹಲವು ಕಿರುಎಲೆಗಳಿರುತ್ತವೆ. ಅಂಟು ಕಪ್ಪಾಗಿ ಗಟ್ಟಿಯಾಗುತ್ತದೆ, ಕಾಯಿಯೊಳಗೆ ಕಲ್ಲಿನಂಥ ಓಟೆ ಇರುತ್ತದೆ. ಹಾಲುಮಡ್ಡಿ ಎಂದರೆ ಐಲಾಂಥಸ್ ಟ್ರೈಫೈಸಾ. ಅದರದ್ದೂ ಸಂಯುಕ್ತ ಎಲೆಯೇ, ಆದರೆ ಇನ್ನೂ ಉದ್ದ. ಕಾಯಿ ಚಪ್ಪಟೆ ರೆಕ್ಕೆಯಂತಿದ್ದು ಗಾಳಿಗೆ ಹಾರುತ್ತದೆ. ಊದುಬತ್ತಿಯವರು ಕೇಳುವ ಹಾಲುಮಡ್ಡಿ ಇದರ ಅಂಟು. ಸಾಲುಧೂಪದ್ದು ಬಿಡಿ ಎಲೆ, ಒಂದು ತೊಟ್ಟಿಗೆ ಒಂದೇ. ಈ ಒಂದು ಅಂಶ ನೆನಪಿದ್ದರೆ ಗೊಂದಲದ ಬಹುಪಾಲು ಅಲ್ಲೇ ಮುಗಿಯುತ್ತದೆ.

ಸಸಿ ಕೊಳ್ಳುವವರು "ಧೂಪದ ಗಿಡ ಕೊಡಿ" ಎಂದಷ್ಟೇ ಕೇಳಬೇಡಿ. ಮೂರರಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು.

ವಟೇರಿಯಾ ಅನ್ನೋ ಹೆಸರು ಎಲ್ಲಿಂದ ಬಂತು?

1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು. ಜರ್ಮನಿಯ ಅಂಗರಚನಾ ವಿಜ್ಞಾನಿ ಅಬ್ರಹಾಂ ವಾಟರ್ (1684–1751) ಅವರ ಗೌರವಾರ್ಥ. ಪಿತ್ತನಾಳ ಮತ್ತು ಮೇದೋಜೀರಕ ನಾಳ ಸಣ್ಣ ಕರುಳಿಗೆ ಸೇರುವ ಜಾಗವನ್ನು ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಕರೆಯುವುದು ಇವರ ಹೆಸರಿನಿಂದಲೇ. ಲಿನೇಯಸ್‌ಗಿಂತ ಮುಂಚೆಯೇ ಈ ಮರ ಪುಸ್ತಕ ಸೇರಿತ್ತು. ಡಚ್ ಮಲಬಾರಿನ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ 'ಹೋರ್ಟಸ್ ಮಲಬಾರಿಕಸ್'ನಲ್ಲಿ ಇದು 'ಪೈನೊ' ಎಂಬ ಹೆಸರಿನಲ್ಲಿದೆ. ಅದು ಇವತ್ತಿನ ಮಲಯಾಳದ 'ಪೈನ್' ಪದವೇ.

ಎಷ್ಟು ದೊಡ್ಡದಾಗುತ್ತೆ?

ಒಳ್ಳೆಯ ಕಾಡಿನಲ್ಲಿ 30ರಿಂದ 40 ಮೀಟರ್ ಎತ್ತರ. ಸುತ್ತಲೂ ಮರಗಳ ಪೈಪೋಟಿ ಇರುವಲ್ಲಿ ಕಾಂಡ ನೆಟ್ಟಗೆ ಬಹಳ ಎತ್ತರದವರೆಗೂ ಕೊಂಬೆಯಿಲ್ಲದೆ ಹೋಗುತ್ತದೆ. ರಸ್ತೆ ಬದಿಯ ಬಯಲಿನಲ್ಲಿ ಇದೇ ಮರ ಗಿಡ್ಡವಾಗಿ, ಕೆಳಗಿನಿಂದಲೇ ಕವಲೊಡೆದು, ಗುಮ್ಮಟದಂತೆ ದಟ್ಟ ನೆರಳು ಕೊಡುತ್ತದೆ. ಎರಡನ್ನೂ ನೋಡಿದವರು ಬೇರೆ ಬೇರೆ ಜಾತಿ ಎಂದುಕೊಳ್ಳುವುದುಂಟು. ಬೆಳಕು ಸಿಕ್ಕ ರೀತಿ ಬೇರೆ, ಮರ ಒಂದೇ.

## ಗುರುತು ಹಿಡಿಯುವುದು

ಕಾಡಲ್ಲಿ ನಿಂತಾಗ ಇದೇ ಸಾಲುಧೂಪ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು?

ಎಲೆ ಮೂವತ್ತು ಮೀಟರ್ ಮೇಲಿರುವಾಗ ಕತ್ತೆತ್ತಿ ನೋಡಿ ಫಲವಿಲ್ಲ. ಮೊದಲು ಬುಡದ ತರಗೆಲೆ ಕೆದಕಿ. ಬಿದ್ದ ಎಲೆ ದಪ್ಪ, ತೊಗಲಿನಂತೆ ಗಟ್ಟಿ. ಉದ್ದ 8ರಿಂದ 27 ಸೆಂ.ಮೀ., ಅಗಲ 4.5ರಿಂದ 10 ಸೆಂ.ಮೀ. ಆಕಾರ ನೀಳ ಅಂಡಾಕಾರ. ಬುಡ ದುಂಡಗೆ ಅಥವಾ ತುಸು ಹೃದಯಾಕಾರ, ತುದಿ ಮೊಂಡು ಅಥವಾ ಚಿಕ್ಕ ಚೂಪು. ನಡುನರದಿಂದ ಎರಡೂ ಪಕ್ಕಕ್ಕೆ 13ರಿಂದ 20 ಜೊತೆ ನೇರ ನರಗಳು ಹೊರಟು, ಅವುಗಳ ನಡುವೆ ಏಣಿಯ ಮೆಟ್ಟಿಲಿನಂತೆ ಓರೆಯಾಗಿ ಸಣ್ಣ ನರಗಳು ಕಾಣುತ್ತವೆ.

ಆಮೇಲೆ ತೊಟ್ಟು ನೋಡಿ. ಎರಡರಿಂದ ಮೂರೂವರೆ ಸೆಂ.ಮೀ. ಉದ್ದದ ತೊಟ್ಟು ಎಲೆಗೆ ಸೇರುವ ತುದಿಯಲ್ಲಿ ಮೊಣಕಾಲಿನ ಗಂಟಿನಂತೆ ಉಬ್ಬಿರುತ್ತದೆ. ಎಳೆಯ ಸಸಿ ಸಿಕ್ಕರೆ ಇನ್ನೂ ಒಳ್ಳೆಯದು. ಎಳೆ ರೆಂಬೆ ಮತ್ತು ತೊಟ್ಟಿನ ಮೇಲೆ ಮೃದುವಾದ ರೋಮ ಇರುತ್ತದೆ, ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರದಲ್ಲಿ ಒಂದೊಂದು ರೋಮವೂ ನಕ್ಷತ್ರದಂತೆ ಕವಲೊಡೆದಿರುವುದು ಕಾಣುತ್ತದೆ.

ತೊಗಟೆ ಬೂದು ಬಣ್ಣದ್ದು. ಹಳೆಯ ಮರದಲ್ಲಿ ದುಂಡು ಚಕ್ಕೆಗಳಾಗಿ ಉದುರುತ್ತದೆ. ಹಳೆಯ ಗಾಯವಿದ್ದರೆ ಅಲ್ಲಿ ತಿಳಿಹಳದಿ ಅಂಟು ಮಣಿಗಟ್ಟಿರುತ್ತದೆ. ಗುರುತಿಗೆಂದು ಹೊಸದಾಗಿ ಕತ್ತಿ ಹಾಕಬೇಡಿ. ಎಲೆ, ತೊಟ್ಟು ಮತ್ತು ಬುಡದಲ್ಲಿ ಬಿದ್ದ ಕಾಯಿಯ ಸಿಪ್ಪೆ, ಇಷ್ಟೇ ಸಾಕು.

ಅದೇ ಕುಟುಂಬದ ನೆರೆಯವರೊಂದಿಗೆ ತಪ್ಪುವ ಸಾಧ್ಯತೆ ಇದೆ. ಎಣ್ಣೆಮರದ (ಡಿಪ್ಟೆರೋಕಾರ್ಪಸ್ ಇಂಡಿಕಸ್) ಚಿಗುರು ಒಂದು ಉದ್ದನೆಯ ಹೊದಿಕೆಯೊಳಗೆ ಮುಚ್ಚಿಕೊಂಡಿರುತ್ತದೆ, ಆ ಹೊದಿಕೆ ಬಿದ್ದ ಜಾಗದಲ್ಲಿ ರೆಂಬೆಯ ಸುತ್ತ ಉಂಗುರದ ಗುರುತು ಉಳಿಯುತ್ತದೆ. ಸಾಲುಧೂಪದ ರೆಂಬೆಯಲ್ಲಿ ಉಂಗುರವಿಲ್ಲ. ಬೋಗಿ, ಹೈಗ ಮುಂತಾದ ಹೋಪಿಯಾಗಳ ಎಲೆ ಸಾಮಾನ್ಯವಾಗಿ ಇದಕ್ಕಿಂತ ಚಿಕ್ಕದು, ಕಾಯಿಗೆ ಎರಡು ರೆಕ್ಕೆ.

ಬೇಸಿಗೆಗೆ ಮುಂಚೆ ಮರದ ತುದಿಯೆಲ್ಲ ಕೆಂಪಾಗಿತ್ತು. ರೋಗವಾ?

ಅಲ್ಲ, ಹೊಸ ಚಿಗುರು. ಎಳೆಯ ಎಲೆ ಕಡುಗೆಂಪಾಗಿ ಜೋತುಬಿದ್ದು ಹೊರಡುತ್ತದೆ, ಕೆಲವು ವಾರಗಳಲ್ಲಿ ತಾಮ್ರದ ಬಣ್ಣಕ್ಕೆ, ಆಮೇಲೆ ಹಸಿರಿಗೆ ತಿರುಗುತ್ತದೆ. ಹರಿತ್ತು ತುಂಬುವ ಮೊದಲು ಈ ಕೆಂಪು ವರ್ಣದ್ರವ್ಯ ಎಳೆ ಎಲೆಯನ್ನು ಉರಿಬಿಸಿಲಿನಿಂದ ಕಾಯುತ್ತದೆ. ನಿಜವಾದ ತೊಂದರೆಯಾದರೆ ಹಳೆಯ ಎಲೆ ಅಂಚಿನಿಂದ ಕಂದಾಗಿ ಒಣಗುತ್ತದೆ, ತುದಿ ಎಲೆ ಕೆಂಪಾಗುವುದಿಲ್ಲ.

ಹೂ ಯಾವಾಗ, ಕಾಯಿ ಯಾವಾಗ?

ಹೂ ಜನವರಿಯಿಂದ ಏಪ್ರಿಲ್ ಒಳಗೆ, ಕಾಯಿ ಬಲಿತು ಬೀಳುವುದು ಮೇ ಕೊನೆಯಿಂದ ಜುಲೈವರೆಗೆ, ಮುಂಗಾರಿನ ಜೊತೆಜೊತೆಗೆ. ರೆಂಬೆಯ ತುದಿಯಲ್ಲಿ ದೊಡ್ಡ ಗೊಂಚಲು, ಐದು ಬಿಳಿ ಎಸಳು, ನಡುವೆ ಹಳದಿ ಕೇಸರಗಳ ದಟ್ಟ ಕಟ್ಟು. ಪರಿಮಳ ದೂರದಿಂದಲೇ ಗೊತ್ತಾಗುತ್ತದೆ, ಹೆಜ್ಜೇನು ಮುತ್ತಿಕೊಳ್ಳುತ್ತದೆ. ಎತ್ತರ ಮತ್ತು ಆ ವರ್ಷದ ಬೇಸಿಗೆ ಮಳೆಗೆ ತಕ್ಕಂತೆ ದಿನಾಂಕ ಹಿಂದೆಮುಂದೆ ಆಗುತ್ತದೆ. ಎಲ್ಲ ವರ್ಷವೂ ಕಾಯಿ ಒಂದೇ ಸಮ ಹಿಡಿಯುವುದಿಲ್ಲ. ಬೀಜ ಬೇಕೆನ್ನುವವರು ಏಪ್ರಿಲ್‌ನಲ್ಲೇ ಮರ ನೋಡಿಟ್ಟುಕೊಳ್ಳುವುದು ಒಳಿತು.

ಈ ಕುಟುಂಬದ ಹೆಸರಿಗೇ 'ಎರಡು ರೆಕ್ಕೆಯ ಕಾಯಿ' ಅಂತ ಅರ್ಥ. ಸಾಲುಧೂಪದ ಕಾಯಿಗೆ ರೆಕ್ಕೆ ಎಲ್ಲಿ?

ಇಲ್ಲ, ಈ ಮರದ ಕಥೆಯೆಲ್ಲ ಇರುವುದು ಈ ಕೊರತೆಯಲ್ಲೇ.

ಡಿಪ್ಟೆರೋಕಾರ್ಪೇಸಿಯಲ್ಲಿ ರೆಕ್ಕೆ ಎಂದರೆ ಹೂವಿನ ಹೊರಗಿನ ಹಸಿರು ಪುಷ್ಪಪತ್ರಗಳೇ ಹೂ ಉದುರಿದ ಮೇಲೂ ಉಳಿದು ಉದ್ದವಾಗಿ ಬೆಳೆದದ್ದು. ಎಣ್ಣೆಮರದಲ್ಲಿ ಐದರಲ್ಲಿ ಎರಡು ಬೆಳೆಯುತ್ತವೆ, ಕಾಯಿ ಗಿರಗಿಟ್ಟೆಯಂತೆ ತಿರುಗುತ್ತಾ ಇಳಿಯುತ್ತದೆ. ಸಾಲುಧೂಪದಲ್ಲಿ ಐದೂ ಚಿಕ್ಕದಾಗಿಯೇ ಉಳಿದು ಕಾಯಿಯ ಬುಡದಲ್ಲಿ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಕಾಯಿ ಮಾತ್ರ ಆರು ಸೆಂ.ಮೀ.ಗೂ ಹೆಚ್ಚು ಉದ್ದ, ಸುಮಾರು ನಾಲ್ಕು ಸೆಂ.ಮೀ. ದಪ್ಪ. ತಿಳಿಗಂದು ಬಣ್ಣದ ಸಿಪ್ಪೆ ಮೂರು ಸೀಳಾಗಿ ಒಡೆಯುತ್ತದೆ, ಒಳಗೆ ಒಂದೇ ಬೀಜ.

ಇಷ್ಟು ಭಾರದ್ದು ಗಾಳಿಗೆ ಹಾರುವುದಿಲ್ಲ. ತಾಯಿಮರದ ಕೊಂಬೆಯ ನೆರಳಿನೊಳಗೇ ಬೀಳುತ್ತದೆ. ಇಳಿಜಾರಿದ್ದರೆ ಉರುಳುತ್ತದೆ, ಹಳ್ಳವಿದ್ದರೆ ನೀರಿನ ಜೊತೆ ಸ್ವಲ್ಪ ದೂರ ಹೋಗುತ್ತದೆ. ಇದಕ್ಕೆ ಪ್ರತಿಯಾಗಿ ಮರ ಪಡೆದ ಲಾಭವೂ ಇದೆ: ದಪ್ಪ ಬೇಳೆಗಳಲ್ಲಿ ತುಂಬಿದ ಕೊಬ್ಬಿನ ಬುತ್ತಿ. ಬೆಳಕು ನೆಲಕ್ಕೆ ತಲುಪದ ಕಾಡಿನಡಿಯಲ್ಲೂ ಮೊಳಕೆ ಆ ಬುತ್ತಿಯ ಬಲದ ಮೇಲೆ ಬೇರಿಳಿಸಿ ಎಲೆ ಬಿಡುತ್ತದೆ. ಹಾಗಾಗಿ ತಾಯಿಮರದಡಿ ಸಸಿಗಳ ಚಾಪೆಯೇ ಹಾಸಿದಂತಿರುತ್ತದೆ. ಆದರೆ ನಡುವೆ ಒಂದು ಬೋಳು ಗುಡ್ಡ ಬಂದರೂ ಸಾಕು, ಮರ ತಾನಾಗಿ ಆಚೆಗೆ ದಾಟಲಾರದು.

## ಎಲ್ಲಿ ಬೆಳೆಯುತ್ತದೆ

ಕರ್ನಾಟಕದಲ್ಲಿ ಎಲ್ಲೆಲ್ಲಿ ಇದೆ?

ಕೊಡಗು, ದಕ್ಷಿಣ ಕನ್ನಡ, ಉಡುಪಿ, ಮತ್ತು ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಘಟ್ಟದ ಅಂಚು. ತಗ್ಗಿನ ಮತ್ತು ಮಧ್ಯಮ ಎತ್ತರದ ನಿತ್ಯಹರಿದ್ವರ್ಣ ಕಾಡು ಇದರ ಮನೆ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್‌ವರೆಗೆ ಸಿಗುತ್ತದೆ, ಅದರ ಮೇಲಿನ ಶೋಲಾ ಕಾಡಿನಲ್ಲಿ ಹುಡುಕಬೇಕಿಲ್ಲ. ದಕ್ಷಿಣಕ್ಕೆ ಕೇರಳದ ಉದ್ದಕ್ಕೂ ಹಬ್ಬಿ ತಮಿಳುನಾಡಿನ ಘಟ್ಟಗಳನ್ನೂ ಮುಟ್ಟುತ್ತದೆ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ.

ಮಳೆ ಮಹಾರಾಷ್ಟ್ರದ ಘಟ್ಟದಲ್ಲೂ ಧಾರಾಳ ಬರುತ್ತಲ್ಲ, ಅಲ್ಯಾಕೆ ಇಲ್ಲ?

ಮಳೆ ಎಷ್ಟು ಸೆಂ.ಮೀ. ಬಂತು ಎಂಬುದಕ್ಕಿಂತ ಎಷ್ಟು ತಿಂಗಳು ಬರಲಿಲ್ಲ ಎಂಬ ಲೆಕ್ಕ ಈ ಮರಕ್ಕೆ ಮುಖ್ಯ. ದಕ್ಷಿಣ ಕೇರಳದಲ್ಲಿ ಮುಂಗಾರು ಬೇಗ ಬರುತ್ತದೆ, ಹಿಂಗಾರೂ ಚೆನ್ನಾಗಿ ಸುರಿಯುತ್ತದೆ, ಬೇಸಿಗೆ ಮಳೆಯೂ ಇದೆ. ಒಣ ತಿಂಗಳು ಬೆರಳೆಣಿಕೆ. ಉತ್ತರಕ್ಕೆ ಹೋದಂತೆ ವರ್ಷದ ಒಟ್ಟು ಮಳೆ ಹೆಚ್ಚೇ ಇದ್ದರೂ ಅದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದು ಮುಗಿಯುತ್ತದೆ, ಒಣಗಾಲ ಆರೇಳು ತಿಂಗಳಿಗೂ ಮೀರಿ ಎಳೆಯುತ್ತದೆ. ಬೆಳೆದ ಮರ ಅದನ್ನು ತಡೆದುಕೊಳ್ಳಬಹುದು. ಜುಲೈನಲ್ಲಿ ಹುಟ್ಟಿದ ಮೊಳಕೆಗೆ ಮಾತ್ರ ಮೊದಲ ಬೇಸಿಗೆ ದಾಟುವುದು ಕಷ್ಟ. ಪಶ್ಚಿಮ ಘಟ್ಟದ ಈ ಕುಟುಂಬದ ಬಹುತೇಕ ಮರಗಳು ಉತ್ತರಕ್ಕೆ ಹೋದಂತೆ ವಿರಳವಾಗುವುದಕ್ಕೂ ಇದೇ ಕಾರಣ.

ಮುಖ್ಯರಸ್ತೆ ಬದಿಯ ದೊಡ್ಡ ಧೂಪಗಳು ಹಳೆಯ ಕಾಡಿನ ಉಳಿಕೆಯಾ?

ಬಹುಪಾಲು ನೆಟ್ಟವು. ಮರಗಳ ನಡುವಿನ ಅಂತರ ಸಮನಾಗಿದ್ದು, ಗಾತ್ರ ಹೆಚ್ಚುಕಡಿಮೆ ಒಂದೇ ಇದ್ದು, ಜೊತೆಯಲ್ಲಿ ಕಾಡಿನ ಬೇರೆ ಮರಗಳಿಲ್ಲದಿದ್ದರೆ ಅದು ಸಾಲುಮರವೇ. ಹಂಚಿಕೆಯ ನಕ್ಷೆ ಮಾಡುವವರು ಇಂಥ ಮರಗಳನ್ನು 'ನೆಟ್ಟದ್ದು' ಎಂದು ಬೇರೆಯಾಗಿ ಬರೆದಿಡಬೇಕು, ಇಲ್ಲದಿದ್ದರೆ ಮರದ ಸಹಜ ಎಲ್ಲೆಯೇ ತಪ್ಪಾಗಿ ಹಿಗ್ಗುತ್ತದೆ.

ಕಾಡಿನೊಳಗೆ ಇದು ಯಾವ ಅಂತಸ್ತಿನ ಮರ?

ಮೇಲಿನದ್ದು, ಆದರೆ ತುತ್ತತುದಿಯದ್ದಲ್ಲ. ಇದನ್ನು ಅಚ್ಚುಕಟ್ಟಾಗಿ ಅಳೆದ ಜಾಗ ಕೊಡಗಿನ ಕಡಮಕಲ್ ಮೀಸಲು ಅರಣ್ಯದ ಉಪ್ಪಂಗಳ. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರು ಅಲ್ಲಿ ಕಾಯಂ ತಾಕು ಗುರುತಿಸಿ ಮರಗಳ ಸುತ್ತಳತೆಯನ್ನು ವರ್ಷಾನುಗಟ್ಟಲೆ ದಾಖಲಿಸಿದ್ದಾರೆ. ವರ್ಷಕ್ಕೆ 5,000 ಮಿ.ಮೀ. ದಾಟುವ ಮಳೆಯ ಜಾಗ ಅದು. ಆ ಕಾಡಿನ ರಚನೆಯನ್ನು ನಾಲ್ಕು ಮರಗಳು ಹಂಚಿಕೊಂಡಿವೆ: ಕೆಳಗೆ ಹಂಬೋಲ್ಟಿಯಾ ಬ್ರೂನೋನಿಸ್, ಅದರ ಮೇಲೆ ಕಾಡುಜಾಯಿಕಾಯಿಯ ಜಾತಿಯಾದ ಮಿರಿಸ್ಟಿಕಾ ಡ್ಯಾಕ್ಟಿಲಾಯ್ಡಿಸ್, ಮೇಲ್ಛಾವಣಿಯಲ್ಲಿ ಸಾಲುಧೂಪ, ಎಲ್ಲಕ್ಕೂ ಮೇಲೆ ತಲೆಯೆತ್ತಿದ ಎಣ್ಣೆಮರ. ನೂರಾರು ಜಾತಿಗಳಿರುವ ಕಾಡೆಂದರೆ ಗೊತ್ತುಗುರಿಯಿಲ್ಲದ ಕಲಸುಮೇಲೋಗರ ಎಂದುಕೊಂಡವರಿಗೆ ಈ ಅಂತಸ್ತಿನ ಶಿಸ್ತು ನಿಜಕ್ಕೂ ಬೆರಗಿನ ಸಂಗತಿ.

## ಅಂಟು, ಬೀಜ, ಮರಮುಟ್ಟು

ಅಂಟು ತೆಗೆಯುವುದು ಹೇಗೆ? ಮರಕ್ಕೆ ಹಾನಿಯಾ?

ತೊಗಟೆಯಲ್ಲಿ ಅರ್ಧಚಂದ್ರಾಕಾರದ ಗಾಯ ಮಾಡುತ್ತಾರೆ. ಅಂಟು ತಕ್ಷಣ ಬರುವುದಿಲ್ಲ, ಮೂರುನಾಲ್ಕು ದಿನದ ನಂತರ ಒಸರಲು ಶುರುವಾಗಿ ಎರಡು ಮೂರು ತಿಂಗಳು ಮುಂದುವರಿಯುತ್ತದೆ. ಗಾಳಿಗೆ ಗಟ್ಟಿಯಾದ ಮೇಲೆ ಕೆರೆದು ತೆಗೆಯುತ್ತಾರೆ. ಟರ್ಪೆಂಟೈನ್‌ನಲ್ಲಿ ಕರಗುವುದರಿಂದ ವಾರ್ನಿಶ್‌ಗೂ ಬಳಸುತ್ತಿದ್ದರು.

ಹಾನಿ ಆಗುವುದು ಅತಿಯಾದಾಗ. ಗಾಯ ಮರದ ಸುತ್ತ ಕೂಡಿಕೊಂಡರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಮುಚ್ಚಿ ಮರ ನಿಂತಲ್ಲೇ ಒಣಗುತ್ತದೆ. ಹೆಚ್ಚು ಅಂಟಿನ ಆಸೆಗೆ ಬುಡಕ್ಕೆ ಬೆಂಕಿ ಹಾಕುವುದು ಇನ್ನೂ ಕೆಟ್ಟದ್ದು. ಸುಟ್ಟ ತೊಗಟೆಯ ಕೆಳಗೆ ಹೊಸ ಪದರ ಕಟ್ಟುವ ಜೀವಕೋಶಗಳೇ ಸತ್ತು, ಆ ಜಾಗದಿಂದ ಕೊಳೆ ಒಳಗೆ ಹೊಕ್ಕು ಕಾಂಡ ಟೊಳ್ಳಾಗುತ್ತದೆ.

ಧೂಪದ ಬೀಜದ 'ಬೆಣ್ಣೆ' ಅಂದ್ರೆ ಏನು?

ಬೀಜದ ತೂಕದ ಸುಮಾರು ಐದನೇ ಒಂದು ಭಾಗ ಕೊಬ್ಬು. ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿ, ಮೈಬಿಸಿಯ ಆಸುಪಾಸಿನಲ್ಲಿ ಕರಗುತ್ತದೆ. ಇದರಲ್ಲಿ ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳದ್ದೇ ಮೇಲುಗೈ, ಗಟ್ಟಿತನಕ್ಕೆ ಮೊದಲನೆಯದು ಕಾರಣ. ಹಳೆಯ ವಿಧಾನ ಸರಳ: ಬೀಜ ಒಣಗಿಸಿ, ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ಕುದಿಸಿ, ಆರಿದ ಮೇಲೆ ತೇಲಿ ಗಟ್ಟಿಯಾದದ್ದನ್ನು ತೆಗೆಯುವುದು. ಮೊದಲು ಹಸಿರುಮಿಶ್ರಿತ ಹಳದಿ ಇರುತ್ತದೆ, ಗಾಳಿ ಬೆಳಕಿಗೆ ಇಟ್ಟರೆ ಬಿಳುಪಾಗುತ್ತದೆ. ಮೇಣದಬತ್ತಿ, ಸಾಬೂನಿಗೆ ಹೋಗುತ್ತಿತ್ತು. ಮನೆಯಲ್ಲಿ ತೆಗೆದ, ಶುದ್ಧೀಕರಿಸದ ಕೊಬ್ಬನ್ನು ಅಡುಗೆಗೆ ಬಳಸಬೇಡಿ.

ಗಮನಿಸಬೇಕಾದದ್ದು ಸಂಗ್ರಹದ ಪ್ರಮಾಣ. ಒಂದು ಮರದಡಿಯ ಬೀಜವನ್ನೆಲ್ಲ ವರ್ಷವೂ ಗುಡಿಸಿ ಒಯ್ದರೆ, ಹಾರಲಾಗದ ಈ ಬೀಜಕ್ಕೆ ಬೇರೆ ಕಡೆಯಿಂದ ಬಂದು ಖಾಲಿ ತುಂಬುವ ಬದಲಿಯಿಲ್ಲ. ಮರ ಇರುತ್ತದೆ, ಅದರಡಿ ಮುಂದಿನ ಪೀಳಿಗೆ ಇರುವುದಿಲ್ಲ.

ಮರಮುಟ್ಟು ಮನೆಗೆ ಬಾಳಿಕೆ ಬರುತ್ತಾ?

ಹೊರಗಿನ ಕೆಲಸಕ್ಕೆ ಬಾರದು. ಹಸಿ ಮರ ಕೊಯ್ದ ಕೆಲವೇ ದಿನದಲ್ಲಿ ಶಿಲೀಂಧ್ರದಿಂದ ನೀಲಿಕಪ್ಪು ಕಲೆ, ಆಮೇಲೆ ಕುಟ್ಟೆಹುಳ. ಪ್ಲೈವುಡ್, ಚಹಾ ಪೆಟ್ಟಿಗೆ, ಪ್ಯಾಕಿಂಗ್ ಪೆಟ್ಟಿಗೆಗಳಿಗೆ ಬಳಸಿದ್ದು ಅದಕ್ಕೇ. ಆ ಬೇಡಿಕೆಯೇ ಘಟ್ಟದ ಸಾವಿರಾರು ಮರಗಳನ್ನು ಉರುಳಿಸಿತು.

ನಮ್ಮ ಸ್ವಂತ ಜಾಗದಲ್ಲಿದೆ, ಕಡಿಯಲು ಅನುಮತಿ ಬೇಕಾ?

ಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿಂದ ಬೀಜ ಅಥವಾ ಅಂಟು ತರುವುದಂತೂ ಅನುಮತಿಯಿಲ್ಲದೆ ಅಪರಾಧ.

## ಬೆಳೆಸುವುದು

ಬೀಜ ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಹಾಕಬಹುದಾ?

ಆಗುವುದಿಲ್ಲ. ಒಣಗಿಸಿದ ದಿನವೇ ಬೀಜ ಸತ್ತಂತೆ. ರಾಗಿ, ಅವರೆಯಂಥ ಬೀಜಗಳು ಗಿಡದಲ್ಲೇ ಒಣಗಿ ನಿದ್ದೆಗೆ ಜಾರುತ್ತವೆ, ವರ್ಷಗಟ್ಟಲೆ ಇಡಬಹುದು. ಸಾಲುಧೂಪದ ಬೀಜಕ್ಕೆ ಆ ನಿದ್ದೆಯ ಹಂತವೇ ಇಲ್ಲ. ಹಸಿಯಾಗಿಯೇ ಬೀಳುತ್ತದೆ, ಮಳೆಯ ನೆಲದಲ್ಲಿ ಬಿದ್ದಲ್ಲೇ ಮೊಳೆಯಲು ಹೊರಡುತ್ತದೆ. ತೇವ ಹೋದರೆ ಜೀವಕೋಶದ ಪೊರೆಗಳು ಹರಿದು ಮತ್ತೆ ಕೂಡುವುದಿಲ್ಲ. ಫ್ರಿಜ್ ಕೂಡ ಪರಿಹಾರವಲ್ಲ, ಉಷ್ಣವಲಯದ ಇಂಥ ಬೀಜಕ್ಕೆ ತಂಪೇ ಪೆಟ್ಟು. ಒದ್ದೆ ಮರದ ಹೊಟ್ಟಿನಲ್ಲಿ, ಗಾಳಿಯಾಡುವ ಗೋಣಿಯಲ್ಲಿ, ನೆರಳಿನಲ್ಲಿ ಇಟ್ಟರೂ ಎರಡು ಮೂರು ವಾರಕ್ಕಿಂತ ಹೆಚ್ಚು ನೆಚ್ಚಿಕೊಳ್ಳಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಸ್ಸಿನಲ್ಲಿ ಕಳಿಸಿದ ಬೀಜ ಒಳಗೇ ಬೆಂದು ಹುಳಿವಾಸನೆ ಬರುತ್ತದೆ. ಅದನ್ನು ಹಾಕಿ ಕಾಯುವುದು ವ್ಯರ್ಥ.

ಸಸಿ ಮಾಡುವ ಕ್ರಮ ಹೇಳಿ, ಹಂತಹಂತವಾಗಿ.

1. ಬಿದ್ದ ಕಾಯಿಯನ್ನು ಎರಡು ಮೂರು ದಿನದೊಳಗೆ ಆರಿಸಿ. ಮೊದಲ ಗಾಳಿಗೆ ಉದುರುವ ಹಗುರ ಕಾಯಿಗಳಲ್ಲಿ ಎಳಸು ಮತ್ತು ಹುಳುಕೇ ಹೆಚ್ಚು, ಅವನ್ನು ಬಿಡಿ.

2. ಸಣ್ಣ ತೂತಿದ್ದರೆ ಒಳಗೆ ಮೂತಿಹುಳದ ಮರಿ ಇದೆ ಎಂದರ್ಥ. ಉಳಿದವನ್ನು ನೀರಿಗೆ ಹಾಕಿ, ತೇಲಿದ್ದನ್ನು ತೆಗೆದುಹಾಕಿ. ನಾಲ್ಕೈದನ್ನು ಕುಯ್ದು ನೋಡಿ: ಬೇಳೆ ಬಿಗಿಯಾಗಿ ಹಸಿಯಾಗಿರಬೇಕು, ಕಂದು ತಿರುಗಿದ್ದರೆ ಆ ಗುಂಪೇ ಹಳತು.

3. ಬಿರಿದ ಸಿಪ್ಪೆ ಕೈಯಿಂದ ಬಿಡಿಸಿ. ಬಿರಿಯದ್ದನ್ನು ಕತ್ತಿಯಿಂದ ಒಡೆಯಬೇಡಿ, ಬೇಳೆಗೆ ಗಾಯವಾಗಿ ಕೊಳೆಯುತ್ತದೆ.

4. ಮರಳು ಮಡಿಯಲ್ಲಿ ಅಡ್ಡಡ್ಡ ಮಲಗಿಸಿ, ಬೀಜ ಮುಚ್ಚುವಷ್ಟೇ ಮರಳು ಹಾಕಿ, ಮೇಲೆ ತರಗೆಲೆ. ಆಳಕ್ಕೆ ಹೂಳಬೇಡಿ. ತಾಜಾ ಬೀಜ ಒಂದರಿಂದ ನಾಲ್ಕು ವಾರದೊಳಗೆ ಮೊಳೆಯುತ್ತದೆ, ಅದರಾಚೆ ಏಳುವುದು ಅಪರೂಪ.

5. ಬೇರು ಉದ್ದವಾಗುವ ಮೊದಲೇ ಸಸಿ ಚೀಲಕ್ಕೆ (ಕೊಟ್ಟೆ) ವರ್ಗಾಯಿಸಿ. ಕೊಟ್ಟೆ ಕನಿಷ್ಠ 30 ಸೆಂ.ಮೀ. ಎತ್ತರದ್ದಿರಲಿ. ಗಿಡ್ಡ ಕೊಟ್ಟೆಯಲ್ಲಿ ತಾಯಿಬೇರು ತಳಕ್ಕೆ ತಾಗಿ ಸುರುಳಿ ಸುತ್ತುತ್ತದೆ. ನೆಟ್ಟ ಮೇಲೂ ಆ ಸುರುಳಿ ಬಿಚ್ಚುವುದಿಲ್ಲ, ಕೆಲವು ವರ್ಷ ಚೆನ್ನಾಗಿ ಕಂಡ ಗಿಡ ಇದ್ದಕ್ಕಿದ್ದಂತೆ ವಾಲಿ ಬೀಳುತ್ತದೆ.

6. ಅರ್ಧ ಬಿಸಿಲು ತಡೆಯುವ ನೆರಳುಪರದೆ, ದಿನಾ ತೇವ, ನೀರು ನಿಲ್ಲದ ತಳ. ಮುಂದಿನ ಮುಂಗಾರಿಗೆ ನೆಡಲು ಸಿದ್ಧ.

ನೆಡುವ ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ ಇದ್ದರೆ ಸಾಕು. ಜೂನ್–ಜುಲೈನಲ್ಲಿ, ಈಗಾಗಲೇ ಬೇರೆ ಮರಗಳ ಚೆದುರಿದ ನೆರಳಿರುವಲ್ಲಿ ನೆಡಿ. ಬೋಳು ಜಾಗವೇ ಗತಿಯೆಂದರೆ ಮೊದಲು ಬೇಗ ಬೆಳೆಯುವ ಮರ ಹಾಕಿ, ಎರಡು ಮೂರು ವರ್ಷ ಬಿಟ್ಟು ಅದರ ಮರೆಯಲ್ಲಿ ಧೂಪ. ಮೊದಲ ಎರಡು ಬೇಸಿಗೆ ನೀರು, ಬುಡಕ್ಕೆ ದಪ್ಪ ತರಗೆಲೆ ಮುಚ್ಚಿಗೆ, ದನ ಬಾರದಂತೆ ಬೇಲಿ.

ಸಸಿ ಒಂದು ಅಡಿ ಬಂದು ನಿಂತುಬಿಟ್ಟಿದೆ. ಗೊಬ್ಬರ ಹಾಕಲಾ?

ಗೊಬ್ಬರಕ್ಕೆ ಮುಂಚೆ ಮಣ್ಣು ನೋಡಿ. ಈ ಕುಟುಂಬದ ಮರಗಳ ಬೇರಿನ ತುದಿಗೆ ಒಂದು ಬಗೆಯ ಶಿಲೀಂಧ್ರ ಕವಚದಂತೆ ಸುತ್ತಿಕೊಂಡು ಬದುಕುತ್ತದೆ. ಅದು ಮಣ್ಣಿನಿಂದ ರಂಜಕ, ನೀರು ಹೀರಿ ಕೊಡುತ್ತದೆ, ಮರ ಸಕ್ಕರೆ ಕೊಡುತ್ತದೆ. ಬೇಳೆಯ ಬುತ್ತಿ ಇರುವವರೆಗೆ ಸಸಿ ತಾನೇ ಬೆಳೆಯುತ್ತದೆ, ಮುಗಿದ ಮೇಲೆ ಈ ಜೊತೆಗಾರ ಇಲ್ಲದಿದ್ದರೆ ನಿಂತುಬಿಡುತ್ತದೆ. ಕೆರೆಗೋಡು, ಮರಳು, ಕೊಟ್ಟಿಗೆ ಗೊಬ್ಬರದ ಮಾಮೂಲಿ ಮಿಶ್ರಣದಲ್ಲಿ ಆ ಶಿಲೀಂಧ್ರ ಇರುವುದಿಲ್ಲ.

ಪರಿಹಾರ ಕೈಗೆಟಕುವಂಥದ್ದೇ. ಬೆಳೆದ ಧೂಪದ ಮರದಡಿಯ ಮೇಲ್ಮಣ್ಣನ್ನು, ಎಳೆ ಬೇರಿನ ಎಳೆಗಳ ಸಮೇತ ಒಂದೊಂದು ಹಿಡಿ ತಂದು ಕೊಟ್ಟೆಯ ಮಣ್ಣಿಗೆ ಸೇರಿಸಿ. ಒಣಗಿಸದೆ ಅಂದೇ ಹಾಕಬೇಕು. ರಾಸಾಯನಿಕ ರಂಜಕ ಸುರಿದರೆ ಈ ಸ್ನೇಹ ಕುದುರುವುದಿಲ್ಲ, ಶಿಲೀಂಧ್ರನಾಶಕದ ಮಾತಂತೂ ಬೇಡ. ಇಷ್ಟಾದರೂ ಮೊದಲ ಕೆಲವು ವರ್ಷ ನಿಧಾನವೇ, ಅದು ಈ ಮರದ ಸ್ವಭಾವ.

ಬಯಲುಸೀಮೆಯಲ್ಲಿ ಬೆಳೆಯುತ್ತಾ?

ಸತತ ನೀರು, ನೆರಳು ಕೊಟ್ಟು ಒಂದೆರಡನ್ನು ಉಳಿಸಿಕೊಳ್ಳಬಹುದು. ತೋಪಾಗಿ ನೆಡುವುದು ಬೇಡ. ಒಣಗಾಳಿಗೆ ಎಲೆಯ ಅಂಚು ಸುಟ್ಟು, ತುದಿ ಒಣಗುತ್ತಾ ಬರುತ್ತದೆ. ಆ ಜಾಗಕ್ಕೆ ಹೊಂದುವ ಹೊಂಗೆ, ಬೇವು, ಹಿಪ್ಪೆ ಇರುವಾಗ ಅಪರೂಪದ ಸಸಿಯನ್ನು ಕಷ್ಟಕ್ಕೆ ಒಡ್ಡುವುದರಲ್ಲಿ ಅರ್ಥವಿಲ್ಲ.

## ಇನ್ನೂ ಆಳಕ್ಕೆ

ಇದರ ಹತ್ತಿರದ ನೆಂಟರು ಯಾರು?

ವಟೇರಿಯಾ ಚಿಕ್ಕ ಕುಲ. ಕೇರಳದ ಸೈಲೆಂಟ್ ವ್ಯಾಲಿ ಸುತ್ತಿನ ಪುಟ್ಟ ಪ್ರದೇಶದಲ್ಲಿ ಮಾತ್ರ ಸಿಗುವ ವಟೇರಿಯಾ ಮ್ಯಾಕ್ರೋಕಾರ್ಪಾಗೆ ಇನ್ನೂ ದೊಡ್ಡ ಕಾಯಿ, ಹೆಸರಿನ ಅರ್ಥವೂ ಅದೇ. ಶ್ರೀಲಂಕಾದ ವಟೇರಿಯಾ ಕೊಪಾಲಿಫೆರಾವನ್ನು ಸಿಂಹಳದಲ್ಲಿ 'ಹಲ್' ಎನ್ನುತ್ತಾರೆ, ಅದರ ಬೀಜದ ಹಿಟ್ಟನ್ನು ತಿನ್ನುವ ರೂಢಿಯಿದೆ. ಸೀಶೆಲ್ಸ್‌ನ ಮಾಹೆ ದ್ವೀಪದಲ್ಲಿ ಬೆರಳೆಣಿಕೆಯ ಜಾಗಗಳಲ್ಲಿ ಉಳಿದಿರುವ ವಟೇರಿಯಾಪ್ಸಿಸ್ ಸೀಶೆಲ್ಲಾರಂ ಕೂಡ ಇದೇ ಬಳಗದ್ದು.

ವರ್ಣತಂತುವಿನ (ಕ್ರೋಮೋಸೋಮ್) ಲೆಕ್ಕದಲ್ಲೂ ಬಳಗ ಗೊತ್ತಾಗುತ್ತದೆ. ಸಾಲುಧೂಪ, ಎಣ್ಣೆಮರಗಳ ಗುಂಪಿನ ಮೂಲಸಂಖ್ಯೆ 11, ಬೋಗಿ ಮತ್ತು ಸಾಲವೃಕ್ಷದ ಗುಂಪಿನದ್ದು 7.

ಹಾರಲಾರದ ಬೀಜದ ಮರದ ನೆಂಟರು ಸಮುದ್ರದಾಚೆಯ ಸೀಶೆಲ್ಸ್‌ನಲ್ಲಿ ಹೇಗೆ?

ಬೀಜ ಸಮುದ್ರ ದಾಟಿತು ಎನ್ನುವುದಕ್ಕಿಂತ ನೆಲವೇ ಬೇರ್ಪಟ್ಟಿತು ಎನ್ನುವುದು ಒಪ್ಪುವ ವಿವರಣೆ. ಸೀಶೆಲ್ಸ್‌ನ ಗ್ರಾನೈಟ್ ದ್ವೀಪಗಳು ಒಂದು ಕಾಲದಲ್ಲಿ ಭಾರತದ ಭೂಖಂಡಕ್ಕೆ ಅಂಟಿಕೊಂಡಿದ್ದವು. ಭಾರತ ಉತ್ತರಕ್ಕೆ ಸರಿದು ಏಷ್ಯಾಕ್ಕೆ ತಾಗುವಾಗ ಈ ಕುಟುಂಬದ ಮರಗಳನ್ನೂ ಹೊತ್ತು ತಂದಿತು ಎನ್ನಲು ಗಟ್ಟಿ ಸಾಕ್ಷಿ ಸಿಕ್ಕಿದ್ದು ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ. ಅಲ್ಲಿನ ಸುಮಾರು 5 ಕೋಟಿ ವರ್ಷ ಹಳೆಯ ಅಂಬರು (ಕಲ್ಲಿನಂತೆ ಗಟ್ಟಿಯಾದ ಮರದ ಅಂಟು), ರಾಸಾಯನಿಕವಾಗಿ ಡಿಪ್ಟೆರೋಕಾರ್ಪ್ ಮರಗಳ ಅಂಟೇ ಎಂದು 2010ರಲ್ಲಿ ಪ್ರಕಟವಾಯಿತು. ಅದರೊಳಗೆ ಕೀಟಗಳು ಸಿಕ್ಕಿಬಿದ್ದು ಹಾಗೇ ಉಳಿದಿವೆ. ಇಂದು ಒಣನಾಡಾಗಿರುವ ಗುಜರಾತಿನಲ್ಲಿ ಆಗ ಮಳೆಕಾಡು ಇತ್ತು.

ಅಳಿವಿನಂಚು ಅಂತಾರೆ, ಆದರೆ ಊರ ಸುತ್ತ ಎಷ್ಟೊಂದು ಕಾಣುತ್ತಲ್ಲ?

ಜಾಗತಿಕ ಕೆಂಪು ಪಟ್ಟಿಯಲ್ಲಿ 1998ರಲ್ಲಿ ಇದನ್ನು ತೀವ್ರ ಅಪಾಯದ ವರ್ಗಕ್ಕೆ ಸೇರಿಸಲಾಯಿತು. ಇಂಥ ವರ್ಗಗಳು ಮರುಪರಿಶೀಲನೆಯಲ್ಲಿ ಬದಲಾಗುತ್ತವೆ, ಉಲ್ಲೇಖಿಸುವಾಗ ವರ್ಷ ನಮೂದಿಸಿ. ಅಪಾಯದ ಲೆಕ್ಕ ಇವತ್ತು ನಿಂತಿರುವ ಮರಗಳ ಎಣಿಕೆಯೊಂದೇ ಅಲ್ಲ. ಕಾಡು ಎಷ್ಟು ಕುಗ್ಗಿತು, ಎಷ್ಟು ತುಂಡಾಯಿತು ಎಂಬುದೂ ಸೇರುತ್ತದೆ. ರಸ್ತೆ ಬದಿಯಲ್ಲಿ ದೊಡ್ಡ ಮರವಿದ್ದು, ಅದರ ಬೀಜವೆಲ್ಲ ಡಾಂಬರಿನ ಮೇಲೆ ಬಿದ್ದು ಅಪ್ಪಚ್ಚಿಯಾಗುತ್ತಿದ್ದರೆ ಎಣಿಕೆಯಲ್ಲಿ ಅದು ಒಂದು ಮರ, ಮುಂದಿನ ಪೀಳಿಗೆಯ ಲೆಕ್ಕದಲ್ಲಿ ಸೊನ್ನೆ. ಮಧ್ಯವಯಸ್ಸಿನ ಮರಗಳು, ಅಂದರೆ ತೋಳಿನ ದಪ್ಪದಿಂದ ಸೊಂಟದ ದಪ್ಪದವರೆಗಿನವು, ನಿಮ್ಮ ಊರಿನಲ್ಲಿ ಎಷ್ಟಿವೆ ನೋಡಿ. ನಿಜವಾದ ಸ್ಥಿತಿ ಗೊತ್ತಾಗುವುದು ಅಲ್ಲೇ.

ತೋಟದಲ್ಲಿರುವ ಒಂಟಿ ಮರದ ಬೀಜದಿಂದ ಸಸಿ ಮಾಡಿ ಕಾಡು ಬೆಳೆಸಬಹುದಾ?

ಬೀಜ ಹುಟ್ಟುತ್ತದೆ, ಆದರೆ ಅದೊಂದರ ಮೇಲೆಯೇ ನಿಲ್ಲಬೇಡಿ. ಒಂಟಿ ಮರದ ಹೂವಿಗೆ ಅದೇ ಮರದ ಪರಾಗ ಬೀಳುವ ಸಾಧ್ಯತೆ ಹೆಚ್ಚು. ಅಂಥ ಸಸಿಗಳಲ್ಲಿ ಒಂದಷ್ಟು ಮೊದಲ ವರ್ಷಗಳಲ್ಲೇ ಸೊರಗುತ್ತವೆ. ಉಳಿದವೆಲ್ಲ ಒಡಹುಟ್ಟುಗಳಾದ್ದರಿಂದ ಮುಂದೆ ಅವುಗಳ ನಡುವೆಯೇ ಪರಾಗ ಓಡಾಡುತ್ತದೆ.

ಹತ್ತಕ್ಕೂ ಹೆಚ್ಚು ತಾಯಿಮರಗಳನ್ನು, ಒಂದರಿಂದೊಂದು ದೂರದವನ್ನು, ಗುರುತಿಸಿಕೊಳ್ಳಿ. ದೇವರಕಾಡು, ತೋಟ, ರಸ್ತೆ ಬದಿ ಎಲ್ಲವೂ ಇರಲಿ, ಪ್ರತಿಯೊಂದರಿಂದಲೂ ಸ್ವಲ್ಪ ಸ್ವಲ್ಪ. ಮರಕ್ಕೊಂದು ಸಂಖ್ಯೆ ಕೊಟ್ಟು ಕೊಟ್ಟೆಗಳ ಸಾಲಿಗೂ ಅದೇ ಸಂಖ್ಯೆ ಹಾಕಿ, ನೆಡುವಾಗ ಬೆರೆಸಿ ನೆಡಿ. ಹತ್ತಿರದ ಮರಗಳ ಬೀಜವನ್ನೇ ಬಳಸಿ: ದಕ್ಷಿಣ ಕೇರಳದ ಬೀಜ ಶಿವಮೊಗ್ಗದ ಉದ್ದನೆಯ ಒಣಗಾಲಕ್ಕೆ ಒಗ್ಗಿದ್ದಲ್ಲ. ರಸ್ತೆ ಬದಿಯ ಮರಗಳ ಬೀಜ ಹೇಗೂ ಚಕ್ರಕ್ಕೆ ಸಿಕ್ಕಿ ಹಾಳಾಗುವುದರಿಂದ ಅವನ್ನು ಧಾರಾಳವಾಗಿ ಆರಿಸಿಕೊಳ್ಳಿ. ಕಾಡಂಚಿನ ಮತ್ತು ದೇವರಕಾಡಿನ ಮರದಡಿಯಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಬೀಜವನ್ನು ಬಿದ್ದಲ್ಲೇ ಬಿಟ್ಟುಬನ್ನಿ.